ಒಂದನೇ ಇಯತ್ತೆ ಅಕ್ಕೋರ ಪುಟ

ನಾನು ಉಳಿಸಿದ ಪುಟ ಇಲ್ಲಿಯವರೆಗೆ ಒಂದೂ ಬೆಳ್ಳಗಾಗಿಲ್ಲ. ಜಂಬಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡರೆ ಅಂದುಕೊಳ್ಳಿ, ಹೌದು, ಜಂಬಕ್ಕೇ ಹೇಳುತ್ತಿದ್ದೇನೆ. ಇಪ್ಪತ್ತಾರು ವರ್ಷದಿಂದ ಊರಕೋಶದ ಕೊನೆಯ ತೀರ್ಪು ಬರೆಯುವವಳು ನಾನು, ಇಂದುಮತಿ ಕೊಪ್ಪದ. ಹಗಲು ಅಂಚೆ ಕಚೇರಿ, ಸಂಜೆ ನಾಲ್ಕರ ಮೇಲೆ ವಾಚನಾಲಯದ ಮಾಳಿಗೆಯಲ್ಲಿ ಕೋಶದ ಕೆಲಸ. ಯಾರ ಪುಟ ಇರಬೇಕು, ಯಾರದು ಹೋಗಬೇಕು ಎಂಬುದನ್ನು ಮೂವರು ಕೂತು ಚರ್ಚೆ ಮಾಡುತ್ತೇವೆ, ಕಡೆಗೆ ‘ಉಳಿಸಿ’ ಅಥವಾ ‘ಅಳಿಸಿ’ ಅಂತ ಒಂದು ಪದ ನಾನು ಬರೆಯುತ್ತೇನೆ. ನನ್ನ ಮೇಲೆ ಸಿಟ್ಟಾದವರು ಊರ ತುಂಬ ಇದ್ದಾರೆ. ನನ್ನ ತೀರ್ಪು ತಪ್ಪಾಯಿತು ಅಂತ ತೋರಿಸಿಕೊಟ್ಟವರು ಒಬ್ಬರೂ ಇಲ್ಲ.

ನಮ್ಮೂರಲ್ಲಿ ಸತ್ತವರ ಹೆಸರು ಮೂವತ್ತು ದಿನ ಇರುತ್ತದೆ. ಮೂವತ್ತೊಂದನೆಯ ದಿನ ಬೆಳಗ್ಗೆ ಎದ್ದರೆ ಹೆಸರು ಬಾಯಿಗೆ ಬರುವುದಿಲ್ಲ, ಸಂಜೆಯೊಳಗೆ ಮುಖವೂ ಹೋಗುತ್ತದೆ. ಕಾಗದದ ಮೇಲೆ ಬರೆದಿಟ್ಟ ಹೆಸರೂ ಹೋಗಿ ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ಊರಕೋಶದಲ್ಲಿ ಪುಟ ಇದ್ದವರದು ಮಾತ್ರ ಹೋಗುವುದಿಲ್ಲ. ಇದಕ್ಕೆ ನಾವು ಹೊಂದಿಕೊಂಡು ಯಾವುದೋ ಕಾಲವಾಯಿತು. ಲಗ್ನಪತ್ರಿಕೆಯಲ್ಲಿ ‘ದಿವಂಗತ ಅಜ್ಜನವರ ಆಶೀರ್ವಾದದಿಂದ’ ಅಂತ ಅಚ್ಚು ಹಾಕಿಸುತ್ತೇವೆ, ಯಾವ ಅಜ್ಜ ಅಂತ ಯಾರೂ ಕೇಳುವುದಿಲ್ಲ. ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಬೋರ್ಡಿನಲ್ಲಿ ‘ಅಂಡ್ ಸನ್ಸ್’ ಅಂತಷ್ಟೇ ಇದೆ; ಮಕ್ಕಳು ಚೆನ್ನಾಗಿಯೇ ವ್ಯಾಪಾರ ಮಾಡುತ್ತಿದ್ದಾರೆ. ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ‘ನಮ್ಮವರಿಗೆ’ ಅನ್ನುತ್ತೇವೆ. ಗೋಡೆಯ ಮೇಲಿನ ಫೋಟೊಗಳಿಗೆ ಮಾಲೆ ಹಾಕುತ್ತೇವೆ, ಅತಿಥಿಗಳು ‘ಇವರು ಯಾರು?’ ಅಂದರೆ ‘ನಮ್ಮವರೇ’ ಅಂದು ಚಹಾ ತರಲು ಒಳಗೆ ಹೋಗುತ್ತೇವೆ.

ಹಾಗಾದರೆ ಎಲ್ಲರಿಗೂ ಒಂದೊಂದು ಪುಟ ಕೊಟ್ಟುಬಿಡಿ, ನಿಮ್ಮ ಗಂಟೇನು ಹೋಗುತ್ತದೆ ಅಂತ ಹೊಸಬರು ಕೇಳುತ್ತಾರೆ. ನನಗಿಂತ ಮುಂಚೆ ಕೋಶ ನೋಡಿಕೊಳ್ಳುತ್ತಿದ್ದವರು ಒಂದು ವರ್ಷ ಹಾಗೆಯೇ ಮಾಡಿದ್ದರು. ಕೇಳಿದವರಿಗೆಲ್ಲ ಪುಟ. ಮೂವತ್ತೊಂದನೆಯ ದಿನ ಆ ಪುಟಗಳೆಲ್ಲ ಬೆಳ್ಳಗಾದವು. ಆಮೇಲೆ ಗೊತ್ತಾಯಿತು: ಮೂರನೆಯವರು ಬರೆದ ಮಾತು ಇದ್ದರೆ ಮಾತ್ರ ಪುಟ ನಿಲ್ಲುತ್ತದೆ. ಆ ಮನುಷ್ಯ ಬದುಕಿದ್ದಾಗಲೇ ಅದು ಅಚ್ಚಾಗಿರಬೇಕು. ಬರೆದವರು ಸಂಬಂಧಿಕರಾಗಿರಬಾರದು, ಅವರಿಂದ ಉಪಕಾರ ಪಡೆದವರಾಗಿರಬಾರದು. ಹೆಸರು ಸುಮ್ಮನೆ ಒಂದು ಪಟ್ಟಿಯಲ್ಲಿ ಬಂದು ಹೋದರೆ ಸಾಲದು, ಅವರ ಬಗ್ಗೆಯೇ ವಿವರವಾಗಿ ಬರೆದಿರಬೇಕು. ಅಂಥವು ಎರಡು ಬೇಕು. ಮೊದಲು ಕೋಶ ರಟ್ಟಿನ ದೊಡ್ಡ ಪುಸ್ತಕವಾಗಿತ್ತು, ಈಗ ಇಂಟರ್‌ನೆಟ್ಟಿನಲ್ಲಿ ಎಲ್ಲರ ಮೊಬೈಲಿನಲ್ಲೂ ತೆರೆಯುತ್ತದೆ. ನಿಯಮ ಮಾತ್ರ ಅದೇ.

ಅಂದಾನೆಪ್ಪ ಬಣಕಾರ ಮಾಳಿಗೆ ಹತ್ತಿ ಬಂದದ್ದು ಅವರ ಹೆಂಡತಿ ತೀರಿಕೊಂಡ ಒಂಬತ್ತನೆಯ ದಿನ. ಅವರು ಟೇಲರ್, ಎಪ್ಪತ್ತೆಂಟು ದಾಟಿದ್ದಾರೆ, ಕೊರಳಲ್ಲಿ ಟೇಪು ಇಲ್ಲದೆ ಅವರನ್ನು ನೋಡಿದವರಿಲ್ಲ. ಅವತ್ತೂ ಟೇಪಿತ್ತು. ಅವರ ಹೆಂಡತಿ ದ್ರಾಕ್ಷಾಯಣಿ ಅಕ್ಕೋರು ಊರಿನ ಕನ್ನಡ ಸಾಲೆಯಲ್ಲಿ ಮೂವತ್ತಾರು ವರ್ಷ ಒಂದನೇ ಇಯತ್ತೆ ಕಲಿಸಿದವರು. ಅಂದಾನೆಪ್ಪ ಒಂದು ದೊಡ್ಡ ಚೀಲ ಮೇಜಿನ ಮೇಲಿಟ್ಟರು. ಒಳಗೆ ಕಾಗದಗಳು.

“ಎರಡನೂರ ಹದಿನಾಲ್ಕು ಅದಾವ್ರೀ ಬಾಯಾರ,” ಅಂದರು. “ಡಾಕ್ಟರ ಬರದಾರ, ವಕೀಲರ ಬರದಾರ, ಬಸ್ ಡ್ರೈವರ ಬರದಾನ. ನಮ್ಮ ಅಕ್ಕೋರು ಹೆಂಗ ಕಲಿಸಿದ್ರು, ಏನು ಮಾಡಿದ್ರು, ಎಲ್ಲಾ ಐತಿ. ಇಷ್ಟು ಸಾಕಲ್ರೀ?”

ನಾನು ಚೀಲದೊಳಗೆ ಕೈ ಹಾಕಲಿಲ್ಲ. ಹಾಕಿದರೆ ಆಸೆ ಹುಟ್ಟುತ್ತದೆ, ಅವರಿಗೂ ನನಗೂ. “ಕಾಕಾ, ಇವರೆಲ್ಲಾ ಅಕ್ಕೋರ ಕಡೆ ಕಲಿತವರು. ಕಲಿತವರ ಮಾತು ನಡಿಯೂದಿಲ್ಲ. ಮತ್ತ ಇದು ಈಗ ಬರದದ್ದು. ಅವರು ಇದ್ದಾಗ ಅಚ್ಚಾಗಿದ್ದು ಏನರ ಐತೇನು?”

“ಅಚ್ಚಾಗಿದ್ದು ಎಲ್ಲಿಂದ ತರ್ಲಿ?” ಅವರು ಕುರ್ಚಿಯ ತುದಿಯಲ್ಲಿ ಕೂತರು. “ಬಾಯಾರ, ನಂದು ಏನೂ ದೊಡ್ಡ ಮಾತಿಲ್ಲ. ಆಕಿ ದೊಡ್ಡಾಕಿ ಅಂತ ನಾ ಹೇಳಾಕ ಬಂದಿಲ್ಲ. ಐವತ್ತು ವರ್ಷ ಸಂಸಾರ ಮಾಡೀನಿ. ಇನ್ನ ಇಪ್ಪತ್ತೊಂದು ದಿನಾ ಆದ ಮ್ಯಾಲೆ, ಯಾರ ಜೋಡಿ ಮಾಡಿದೆ ಅನ್ನೋದ ನನಗ ಗೊತ್ತಿರೂದಿಲ್ಲ. ಮಕ್ಕಳಿಲ್ಲ ಮರಿ ಇಲ್ಲ. ಮನ್ಯಾಗ ಎರಡು ತಾಟು ಇರ್ತಾವ, ಎರಡನೇದು ಯಾರದು ಅಂತ ನಾ ಯಾರನ್ನ ಕೇಳ್ಲಿ?”

ಇಂಥ ಮಾತು ನಾನು ಇಪ್ಪತ್ತಾರು ವರ್ಷದಲ್ಲಿ ಕೇಳಿಲ್ಲವೆಂದಲ್ಲ, ವಾರಕ್ಕೊಂದು ಕೇಳುತ್ತೇನೆ. ಆದರೂ ಅರ್ಜಿಯ ಪುಸ್ತಕ ಎಳೆದುಕೊಂಡೆ. “ಚರ್ಚಾಕ್ಕ ಇಡ್ತೀನ್ರಿ ಕಾಕಾ. ಹುಡುಕೂದು ನನ್ನ ಕೆಲಸ. ನಾ ಹುಡುಕಿದ್ರ ಸಿಗಲಾರದ್ದು ಕಡಿಮಿ,” ಅಂದೆ. ಅಂದ ಮೇಲೆ ಸ್ವಲ್ಪ ಹೆಚ್ಚಾಯಿತು ಅನಿಸಿತು. ಆಡಿದ ಮಾತು ಆಡಿಯಾಗಿತ್ತು.

ಚರ್ಚೆಗೆ ಕೂರುವ ಇನ್ನಿಬ್ಬರ ಬಗ್ಗೆ ಹೇಳಬೇಕು. ರಜಿಯಾ ಮಕಾನದಾರ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಹುಡುಗಿ, ಮೂವತ್ತರ ಆಸುಪಾಸು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಇನ್ನೊಬ್ಬರು ವಾಮನರಾವ್ ಕಟ್ಟಿ ಮಾಸ್ತರರು. ಬೇರೆ ಊರಿನ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ, ನಿವೃತ್ತರಾಗಿ, ಮಗಳ ಮನೆಯಲ್ಲಿರಲು ನಮ್ಮೂರಿಗೆ ಬಂದವರು. ಅವರಷ್ಟು ಪುಟ ಅಳಿಸಬೇಕೆಂದು ವಾದಿಸಿದವರು ಕೋಶದ ಇತಿಹಾಸದಲ್ಲೇ ಇಲ್ಲ. ನನಗೂ ಅವರಿಗೂ ದಿನಾ ಜಗಳ, ದಿನಾ ಒಟ್ಟಿಗೆ ಚಹಾ.

ಅವತ್ತು ರಜಿಯಾ ಕಡತ ತೆರೆಯುತ್ತಲೇ, “ಉಳಿಸ್ರಿ. ನನಗ ಅಕ್ಷರಾ ತಿದ್ದಿಸಿದವರು ಅವರ,” ಅಂದಳು.

“ಹಂಗಂದ್ರ ನಿನ್ನ ಮತಾನ ಬಿದ್ದುಹೋತು,” ಅಂದರು ಕಟ್ಟಿ ಮಾಸ್ತರರು, ಕನ್ನಡಕ ಒರೆಸುತ್ತ. “ಕಲಿತಾಕಿ ನೀ. ಇರ್ಲಿ. ಇಂದುಬಾಯಿ, ನಿಮಗ ಅ ಆ ಇ ಈ ಕಲಿಸಿದವರು ಯಾರು?”

“ಅಕ್ಕೋರ,” ಅಂದೆ. ಐವತ್ಮೂರು ವರ್ಷದ ಹಿಂದಿನ ಮಾತು. ಅಕ್ಕೋರು ಆಗ ಹೊಸದಾಗಿ ಕೆಲಸಕ್ಕೆ ಸೇರಿದವರು, ನಾನು ಅವರ ಎರಡನೆಯ ವರ್ಷದ ಒಂದನೇ ಇಯತ್ತೆ. ಊರಿಗೆಲ್ಲ ಇದ್ದದ್ದು ಒಂದೇ ಕನ್ನಡ ಸಾಲೆ, ಒಂದನೇ ಇಯತ್ತೆಗೆ ಅಕ್ಕೋರು ಒಬ್ಬರೇ. ಆರು ವರ್ಷದ ಕೂಸು ಕಲಿತದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ನನಗೆ ಹೊಳೆದೇ ಇರಲಿಲ್ಲ ನೋಡಿ.

“ಹಂಗಾದ್ರ ತೀರ್ಪು ನೀವು ಬರಿಯೂ ಹಂಗಿಲ್ಲ,” ಅಂದರು ಮಾಸ್ತರರು. ಅವರ ದನಿಯಲ್ಲಿ ಗೆದ್ದ ಸೊಕ್ಕು ಇರಲಿಲ್ಲ, ನ್ಯಾಯ ಹೇಳಿದ್ದಷ್ಟೇ. ನಾನು ಎದ್ದು ನನ್ನ ಕುರ್ಚಿ ಬಿಟ್ಟುಕೊಟ್ಟೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮೇಜಿನ ಈಚೆ ಬದಿಗೆ, ಅರ್ಜಿ ಹಾಕಲು ಬಂದವರು ಕೂರುವ ಬೆಂಚಿನ ಮೇಲೆ ಕೂತೆ. ಬೆಂಚು ಒಂದು ಕಡೆ ಅಲುಗಾಡುತ್ತದೆ ಎಂಬುದು ಅವತ್ತು ನನಗೆ ಗೊತ್ತಾಯಿತು.

“ನನ್ನ ಅಭಿಪ್ರಾಯ ಈಗಲೇ ಹೇಳಿಬಿಡ್ತೀನಿ,” ಅಂದರು ಕಟ್ಟಿ ಮಾಸ್ತರರು ನನ್ನ ಕುರ್ಚಿಯಲ್ಲಿ ಸರಿಯಾಗಿ ಕೂತು. “ಅಳಿಸಬೇಕು. ಮಾಸ್ತರಕಿ ಮಾಡೋರು ಸಾವಿರ ಮಂದಿ ಇದ್ದಾರ. ಪಾಠಾ ಹೇಳೋದು ಅವರ ಕೆಲಸ, ಮಾಡಿದ್ರು. ನಾನೂ ಮೂವತ್ತೆರಡು ವರ್ಷ ಹೇಳೀನಿ. ನಾಳೆ ನಾ ಸತ್ತರ ನನಗೂ ಪುಟ ಕೊಡ್ತೀರೇನು? ನಾ ಕೇಳೂದಿಲ್ಲ. ನನ್ನ ಹೆಸರು ಹೋಗ್ತದ ಅಂತ ಒಪ್ಪಿಕೊಂಡ ಈ ಊರಿಗೆ ಬಂದೀನಿ.” ಕಡೆಯ ಮಾತು ಹೇಳುವಾಗ ಅವರು ಕಿಟಕಿಯ ಕಡೆ ನೋಡಿದರು.

ಮರುದಿನದಿಂದ ಹುಡುಕಾಟ. ಎರಡು ವಾರ ನಾನು ಮತ್ತು ರಜಿಯಾ ವಾಚನಾಲಯದ ಧೂಳು ಕುಡಿದೆವು. ಆದರ್ಶ ಶಿಕ್ಷಕಿ ಪ್ರಶಸ್ತಿಯಾದರೂ ಬಂದಿರಬೇಕಲ್ಲ ಅಂದರೆ, ಅದಕ್ಕೆ ಶಿಕ್ಷಕರೇ ತಮ್ಮ ಬಗ್ಗೆ ತಾವೇ ಅರ್ಜಿ ತುಂಬಬೇಕು. ‘ತಾವು ಸಮಾಜಕ್ಕೆ ಮಾಡಿದ ಸೇವೆಯನ್ನು ಐನೂರು ಪದಗಳಲ್ಲಿ ಬರೆಯಿರಿ’ ಎಂಬ ಫಾರಂ. ಹೆಡ್‌ಮಾಸ್ತರರು ಮೂರು ವರ್ಷ ಫಾರಂ ಕೊಟ್ಟರಂತೆ, ಅಕ್ಕೋರು ಮೂರು ವರ್ಷವೂ ಅದರ ಹಿಂಬದಿಯಲ್ಲಿ ಮಕ್ಕಳಿಗೆ ಆನೆ ಬರೆಯಲು ಹೇಳಿಕೊಟ್ಟರಂತೆ. ನಿವೃತ್ತಿಯ ಸಮಾರಂಭದ ಸುದ್ದಿ ಊರಿನ ವಾರಪತ್ರಿಕೆಯಲ್ಲಿ ಬಂದಿತ್ತು, ಆದರೆ ಬರೆದವನು ಅಕ್ಕೋರ ಕೈಯಲ್ಲಿ ಕಲಿತವನು. ಸಂಪಾದಕನೂ ಕಲಿತವನು. ಅಚ್ಚಿನ ಮೊಳೆ ಜೋಡಿಸಿದವನೂ ಕಲಿತವನು. ಊರಲ್ಲಿ ಪೆನ್ನು ಹಿಡಿಯಲು ಬರುವವರಿಗೆಲ್ಲ ಪೆನ್ನು ಹಿಡಿಸಿದವರು ಆಕೆಯೇ ಆಗಿ, ಆಕೆಯ ಬಗ್ಗೆ ಬರೆಯುವ ಯೋಗ್ಯತೆ ಊರಲ್ಲಿ ಯಾರಿಗೂ ಇಲ್ಲದಂತಾಗಿತ್ತು. ರಜಿಯಾ ಅಂತೂ ಒಂದು ದಿನ ಸಂಪುಟವನ್ನು ಧಡ್ಡನೆ ಮುಚ್ಚಿ, “ಇದೆಂಥಾ ನಿಯಮ್ರೀ ಮೇಡಂ! ಕಡಿಮಿ ಕಲಿಸಿದ್ರ ಪುಟ ಸಿಗತಿತ್ತು, ಎಲ್ಲಾರಿಗೂ ಕಲಿಸಿದ್ದ ತಪ್ಪಾತು,” ಅಂತ ಕಣ್ಣೀರು ಹಾಕಿದಳು. ನಿಯಮ ಬರೆದವಳು ನಾನೇ.

ಇಪ್ಪತ್ತೈದನೆಯ ದಿನ ಕಟ್ಟಿ ಮಾಸ್ತರರು, “ಇನ್ನ ಸಾಕು ಮಾಡ್ರಿ ಇಂದುಬಾಯಿ. ನಾಡದು ಬರದುಬಿಡ್ತೀನಿ,” ಅಂದರು. ಹಾಗೆ ಹೇಳುವಾಗ ಅವರಿಗೂ ಖುಷಿ ಇರಲಿಲ್ಲ. ನಾನು ಮರುದಿನ ಬೆಳಗ್ಗೆ ಅಂಚೆ ಕಚೇರಿಗೆ ಹೋಗುವ ಮುಂಚೆ ಅಂದಾನೆಪ್ಪನವರ ಅಂಗಡಿಗೆ ಹೋದೆ. ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ನನ್ನ ಪದ್ಧತಿಯಲ್ಲ. ಅವರು ಯಾವುದೋ ಹುಡುಗಿಯ ಸಾಲೆಯ ಯೂನಿಫಾರಂಗೆ ಗುಂಡಿ ಹಚ್ಚುತ್ತಿದ್ದರು.

“ಸಿಗಲಿಲ್ಲೇನ್ರೀ?” ಅಂತ ಅವರೇ ಕೇಳಿದರು.

“ಇಲ್ರೀ ಕಾಕಾ. ಹೊರಗಿನವರು ಅಕ್ಕೋರ ಬಗ್ಗೆ ಒಂದು ಒಳ್ಳೆ ಮಾತು ಬರದದ್ದು ಎಲ್ಲೂ ಇಲ್ಲ.”

ಅಂದಾನೆಪ್ಪ ನಕ್ಕರು, ಕಹಿಯಾಗಿ. “ಒಳ್ಳೆ ಮಾತು ಯಾಕ ಬರೀತಾರ್ರೀ. ಬೈದು ಬೇಕಾದ್ರ ಬರೀತಾರ. ಬರದಿದ್ರಲ್ಲ, ಪೇಪರಿನ್ಯಾಗ, ಒಂದೂವರಿ ಕಾಲಂ. ಆ ಪೇಪರು ನಾ ಇಲ್ಲೇ ಇಸ್ತ್ರಿ ಪೆಟ್ಟಿಗಿ ಕೆಂಡದಾಗ ಹಾಕಿ ಸುಟ್ಟೆ.”

ನಾನು ಕೂತಲ್ಲಿಂದ ಎದ್ದೇಬಿಟ್ಟೆ. “ಬೈದು? ಯಾರು ಬರದಿದ್ರು?”

“ಹತ್ತಿ ಗಿರಣಿ ಜವಳಿ ಸಾಹುಕಾರ್ರು. ಹೋಗ್ಲಿ ಬಿಡ್ರಿ, ಸತ್ತವರು. ನಿಮಗ ಹೇಳಬಾರದು ಅಂತ ಇದ್ದೆ. ಮೊದಲೇ ಪುಟ ಸಿಗೂದು ದುಸ್ತರ, ಅದರಾಗ ಬೈಗುಳಾ ಬ್ಯಾರೆ ಗೊತ್ತಾದ್ರ ಕೆಲಸ ಕೆಟ್ಟ ಹೋಗ್ತೈತಿ ಅಂತ…”

“ಕಾಕಾ!” ನನ್ನ ದನಿ ರಸ್ತೆಗೆ ಕೇಳಿಸಿತು. “ಹದಿನೇಳು ದಿನಾ ಬಾಯಿ ಮುಚ್ಚಿಕೊಂಡು ಕುಂತಿದ್ರೇನು? ಯಾವ ವರ್ಷ ಹೇಳ್ರಿ ಮೊದಲು!”

ಅವರನ್ನು ಬೈದೆ, ಆದರೆ ಅಂಚೆ ಕಚೇರಿಗೆ ರಜೆ ಹೇಳಿ ವಾಚನಾಲಯದ ಮೆಟ್ಟಿಲು ಹತ್ತುವಾಗ ಬೈಯಬೇಕಾದದ್ದು ನನ್ನನ್ನೇ ಅಂತ ಗೊತ್ತಿತ್ತು. ನಮ್ಮೂರಿನವರೆಲ್ಲ ಮಾಡುವ ತಪ್ಪು ಇದು. ಹೆಸರು ಉಳಿಸಬೇಕು ಅಂದ ಕೂಡಲೇ ಹೊಗಳಿಕೆ ಹುಡುಕಲು ಹೊರಡುತ್ತೇವೆ. ನಾನೂ ಎರಡು ವಾರ ಶಾಲು, ಹಾರ, ಸನ್ಮಾನ ಅಂತಲೇ ಹುಡುಕಿದ್ದೆ. ಮೂರನೆಯವರ ಮಾತು ಬೇಕು ಅಂತ ನಿಯಮ ಮಾಡಿದವಳಿಗೆ, ಅದು ಒಳ್ಳೆಯ ಮಾತೇ ಆಗಿರಬೇಕು ಅಂತ ಎಲ್ಲೂ ಬರೆದಿಲ್ಲ ಎಂಬುದು ಮರೆತುಹೋಗಿತ್ತು.

ನಲವತ್ತೊಂದು ವರ್ಷದ ಹಿಂದಿನ ಸಂಪುಟದಲ್ಲಿ, ಆಗಸ್ಟ್ ತಿಂಗಳ ಕಡೆಯ ವಾರದ ಸಂಚಿಕೆಯಲ್ಲಿ ಅದು ಸಿಕ್ಕಿತು. ಕೆಳಗೆ ವಿರೂಪಾಕ್ಷಪ್ಪ ಜವಳಿ ಅಂತ ಹೆಸರು ಗಟ್ಟಿಯಾಗಿ ನಿಂತಿತ್ತು. ನಿಲ್ಲದೆ ಏನು, ಗಿರಣಿ ಕಟ್ಟಿಸಿದವರು ಅಂತ ಅವರ ಪುಟ ಉಳಿಸಿದವಳು ನಾನೇ. ಅವರು ಹೊರಗಿನಿಂದ ನಲವತ್ತನೆಯ ವಯಸ್ಸಿಗೆ ಬಂದವರು, ಮಕ್ಕಳನ್ನು ದೂರದ ಹಾಸ್ಟೆಲಿನಲ್ಲಿ ಓದಿಸಿದವರು ಎಂದು ಅದೇ ಪುಟದಲ್ಲಿದೆ. ಅಕ್ಕೋರಿಂದ ಒಂದು ಅಕ್ಷರದ ಉಪಕಾರವೂ ಆಗದ ಮನುಷ್ಯ, ಊರಲ್ಲಿ ಅಂಥವರು ಸಿಗುವುದೇ ಅಪರೂಪ. ರಜಿಯಾ ಓಡಿ ಹೋಗಿ ಕಟ್ಟಿ ಮಾಸ್ತರರನ್ನು ಊಟದ ತಟ್ಟೆ ಮುಂದಿನಿಂದ ಎಬ್ಬಿಸಿಕೊಂಡು ಬಂದಳು. ಅವರು ನಿಂತುಕೊಂಡೇ ಗಟ್ಟಿಯಾಗಿ ಓದಿದರು.

‘ಸ್ವಾತಂತ್ರ್ಯ ದಿನಾಚರಣೆಯ ನಿಮಿತ್ತ ನಾನು ಊರಿನ ಕನ್ನಡ ಶಾಲೆಗೆ ಅತಿಥಿಯಾಗಿ ಹೋಗಿದ್ದಾಗ ಕಂಡ ವಿಪರೀತವನ್ನು ಊರ ಹಿರಿಯರ ಗಮನಕ್ಕೆ ತರುತ್ತೇನೆ. ಒಂದನೆಯ ಇಯತ್ತೆಯ ಶಿಕ್ಷಕಿ ದ್ರಾಕ್ಷಾಯಣಿ ಬಣಕಾರ ಇವರು ಹಾಜರಿಯನ್ನು ಹೆಸರಿನಿಂದ ಕರೆಯದೆ ನಂಬರಿನಿಂದ ಕರೆಯುತ್ತಾರೆ. ಇಪ್ಪತ್ಮೂರನೆಯ ನಂಬರನ್ನು ಕರೆದಾಗ ಯಾವ ಮಗುವೂ ಉತ್ತರ ಕೊಡಲಿಲ್ಲ. ಶಿಕ್ಷಕಿ ಮುಂದೆ ಹೋಗದೆ ಸುಮ್ಮನೆ ನಿಂತರು, ಇಡೀ ವರ್ಗ ಸುಮ್ಮನಿತ್ತು, ಆಮೇಲೆ ಇಪ್ಪತ್ನಾಲ್ಕು ಎಂದರು. ವಿಚಾರಿಸಲಾಗಿ, ಆ ನಂಬರಿನ ಮಗು ಮಳೆಗಾಲದ ಆರಂಭದಲ್ಲಿ ತೀರಿಕೊಂಡಿದ್ದು, ಹೆಸರೂ ಹೋಗಿದೆ ಎಂದು ತಿಳಿಯಿತು. ಸತ್ತ ಮಗುವನ್ನು ಪ್ರತಿದಿನ ಕರೆದು, ಬದುಕಿರುವ ಮಕ್ಕಳನ್ನು ಕಾಯಿಸುವುದು ಯಾವ ಸೀಮೆಯ ಶಿಕ್ಷಣ? ಹಾಜರಿ ಪುಸ್ತಕಕ್ಕೆ ಹೊಸದಾಗಿ ನಂಬರು ಹಾಕಿದರೆ ಮುಗಿಯುವ ಕೆಲಸಕ್ಕೆ ಈ ಹೆಂಗಸು ಹಟ ಹಿಡಿದಿದ್ದಾರೆ. ಬೇರೆ ವರ್ಷಗಳಲ್ಲೂ ಹೀಗೆಯೇ ನಡೆದಿದೆಯಂತೆ. ಇಲಾಖೆಗೂ ಬರೆದಿದ್ದೇನೆ.’

ಇನ್ನೂ ಅರ್ಧ ಕಾಲಂ ಇತ್ತು. ಮಾಸ್ತರರು ಅಲ್ಲಿಗೇ ನಿಲ್ಲಿಸಿ ಕುರ್ಚಿಯಲ್ಲಿ ಕೂತರು.

“ಇಂದುಬಾಯಿ,” ಅಂದರು, “ಹತ್ತು ವರ್ಷಾತು ನಾ ಈ ಊರಿಗೆ ಬಂದು. ಇಲ್ಲಿ ಮಂದಿ ಎಣಿಸೂ ರೀತಿ ನೋಡಿ ನನಗ ತಲಿ ಕೆಟ್ಟು ಹೋಗಿತ್ತು. ಬಸ್ ಕಂಡಕ್ಟರ್ ಮಂದಿ ಎಣಿಸ್ತಾನ, ಒಂಬತ್ತಕ್ಕ ಬಂದು ಸುಮ್ಮನ ನಿಲ್ತಾನ. ಬಳಿಗಾರ್ತಿ ಬಳಿ ಎಣಿಸ್ತಾಳ, ಮೂವತ್ತೊಂದಕ್ಕ ನಿಲ್ತಾಳ. ನಮ್ಮ ಅಳಿಯ ಇಡ್ಲಿ ಎಣಿಸಿದ್ರೂ ಆರಕ್ಕ ನಿಲ್ತಾನ. ಒಬ್ಬೊಬ್ಬರದು ಒಂದೊಂದು ನಂಬರ್. ಇವರಿಗೆ ಎಣಿಕಿ ಕಲಿಸಿದವರು ಎಂಥಾ ದಡ್ಡರು ಅಂತ ನಾ ಮನಿಯೊಳಗ ನಕ್ಕೀನಿ.”

ರಜಿಯಾ ಮೆಲ್ಲಗೆ, “ನಂದು ಹದಿನೆಂಟರೀ ಸರ್,” ಅಂದಳು. “ಎಣಿಸೂದಂದ್ರ ಹಂಗ ಅಂತ ತಿಳಕೊಂಡಿದ್ದೆ.”

ಅಂಚೆ ಕಚೇರಿಯಲ್ಲಿ ಕಟ್ಟು ಕಟ್ಟುವಾಗ ನಾನು ಹದಿನಾಲ್ಕಕ್ಕೆ ನಿಲ್ಲುತ್ತೇನೆ. ಯಾವತ್ತೂ ನಿಂತಿದ್ದೇನೆ, ಯಾಕೆ ಅಂತ ಒಂದು ದಿನ ಕೇಳಿಕೊಂಡವಳಲ್ಲ. ಒಂದನೇ ಇಯತ್ತೆಯಲ್ಲಿ ನನ್ನ ನಂಬರು ಹದಿಮೂರು. ನಂಬರಿನ ಪ್ರಕಾರವೇ ನಮ್ಮನ್ನು ಸಾಲಾಗಿ ಕೂರಿಸುತ್ತಿದ್ದರು. ನನ್ನ ಪಕ್ಕದಲ್ಲಿ, ಹದಿನಾಲ್ಕರಲ್ಲಿ, ಒಂದು ಕೂಸು ಕೂತಿತ್ತು. ನನ್ನ ಪಾಟಿಯ ಕಡ್ಡಿ ಮುರಿದಾಗ ತನ್ನದನ್ನು ಕೊಟ್ಟಿತೋ, ಜಗಳವಾಡಿತೋ, ಗಂಡೋ ಹೆಣ್ಣೋ, ಏನೂ ಉಳಿದಿಲ್ಲ. ಅದಕ್ಕಾಗಿ ಐವತ್ಮೂರು ವರ್ಷ ನಾನು ದಿನಾ ಒಂದು ಕ್ಷಣ ಸುಮ್ಮನಿದ್ದೇನೆ ಎಂಬುದೂ ನನಗೆ ಗೊತ್ತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಮಾಸ್ತರರ ಎದುರಿಗೇ ಅತ್ತೆ, ಸೆರಗಿನಿಂದ ಮುಖ ಒರೆಸಿಕೊಂಡೆ, ಆಮೇಲೆ ಎರಡನೆಯ ಆಧಾರ ಎಲ್ಲಿ ಅಂತ ಕೇಳಿದೆ.

ಇಲಾಖೆಗೆ ಬರೆದಿದ್ದೇನೆ ಅಂತ ಜವಳಿ ಸಾಹುಕಾರರೇ ಹೇಳಿದ್ದಾರಲ್ಲ. ಬರೆದ ಮೇಲೆ ಇಲಾಖೆ ಸುಮ್ಮನಿರುವುದಿಲ್ಲ, ಯಾರನ್ನಾದರೂ ಕಳಿಸಿಯೇ ಇರುತ್ತದೆ. ಕಳಿಸಿದವರು ವರದಿ ಬರೆದೇ ಇರುತ್ತಾರೆ. ಸರ್ಕಾರಿ ಪುಸ್ತಕಗಳ ಕಪಾಟಿನ ಕೆಳಗಿನ ಅರೆಯಲ್ಲಿ, ಮರುವರ್ಷದ ಅಚ್ಚಾದ ತಪಾಸಣಾ ವರದಿ ರಜಿಯಾಳ ಕೈಗೆ ಸಿಕ್ಕಿತು. ಇನ್‌ಸ್ಪೆಕ್ಟರರ ಹೆಸರಿನ ಜಾಗ ಖಾಲಿಯಾಗಿತ್ತು, ಪಾಪ, ಅವರೂ ಹೋದವರು. ಆದರೆ ಇಲಾಖೆಯ ಮೊಹರು ಇತ್ತು, ಅಷ್ಟು ಸಾಕು. ಪೂರ್ತಿ ಎರಡು ಪುಟ ಅಕ್ಕೋರ ಮೇಲೆಯೇ ಇತ್ತು. ದಿನಕ್ಕೆ ಇಷ್ಟು ನಿಮಿಷ ವ್ಯರ್ಥ, ಲಿಖಿತ ಎಚ್ಚರಿಕೆ ನೀಡಲಾಗಿದೆ, ಶಿಕ್ಷಕಿ ಒಪ್ಪಲಿಲ್ಲ. ಒಪ್ಪದ ಶಿಕ್ಷಕಿಯ ಹೇಳಿಕೆಯನ್ನು ಆ ಮನುಷ್ಯ, ಯಾವ ಪುಣ್ಯಾತ್ಮನೋ, ಆಕೆ ಆಡಿದ ಹಾಗೆಯೇ ಬರೆದುಕೊಂಡಿದ್ದ: ‘ಹೆಸರು ಹೋತು, ಮಾರಿ ಹೋತು, ಅದಕ್ಕ ನಾ ಏನೂ ಮಾಡಾಕ ಬರೂದಿಲ್ಲ. ಆದ್ರ ಅಲ್ಲೊಂದು ಕೂಸು ಕುಂತಿತ್ತು ಅನ್ನೋದು ಖರೇ ಐತಿ. ಅದರ ಜಾಗಾ ನಾ ಇನ್ನೊಬ್ಬರಿಗೆ ಕೊಡೂದಿಲ್ಲ. ನೀವು ಏನು ಬರಕೋತೀರೋ ಬರಕೋರಿ.’

ಕಟ್ಟಿ ಮಾಸ್ತರರು ಆ ಪುಟವನ್ನು ಎರಡು ಸಲ ಓದಿದರು. “ನಾ ಮೂವತ್ತೆರಡು ವರ್ಷ ಹಾಜರಿ ಕರದೀನಿ,” ಅಂದರು. “ಒಬ್ಬ ಹುಡುಗ ಹೋದ್ರ ಕೆಂಪು ಶಾಯಿಲೆ ಗೆರಿ ಎಳದು ಮುಂದ ಹೋಗೀನಿ.” ಅವರು ಕಂಪ್ಯೂಟರಿನ ಮುಂದೆ ಕೂತರು. ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಒತ್ತುತ್ತ, ಅಕ್ಕೋರ ಪುಟವನ್ನು ತಾವೇ ಬರೆದರು. ನಾಲ್ಕು ವಾಕ್ಯ. ‘ದ್ರಾಕ್ಷಾಯಣಿ ಬಣಕಾರ ಊರಿನ ಕನ್ನಡ ಶಾಲೆಯ ಶಿಕ್ಷಕಿಯಾಗಿದ್ದರು. ಹಾಜರಿಯಲ್ಲಿ ತೀರಿಕೊಂಡ ಮಕ್ಕಳ ನಂಬರನ್ನೂ ಕರೆಯುತ್ತಾರೆಂದು ಇವರ ಮೇಲೆ ದೂರು ಬಂದಿತ್ತು. ಇಲಾಖೆ ಎಚ್ಚರಿಕೆ ನೀಡಿತು. ಇವರು ನಿಲ್ಲಿಸಲಿಲ್ಲ.’

“ಒಳ್ಳೆ ಶಿಕ್ಷಕಿ ಅಂತ ಒಂದು ಮಾತು ಹಾಕ್ರಿ ಮಾಸ್ತರ,” ಅಂದೆ ನಾನು.

“ಆಧಾರ ಎಲ್ಲಿ ಅದ?” ಅಂದರು.

ಎರಡೂ ಆಧಾರದಲ್ಲಿ ಎಲ್ಲೂ ಇರಲಿಲ್ಲ. ಆ ಕುರ್ಚಿಯಲ್ಲಿ ನಾನಿದ್ದಿದ್ದರೂ ಅದನ್ನೇ ಕೇಳುತ್ತಿದ್ದೆ. ಕೆಳಗೆ ಅವರು ‘ಉಳಿಸಿ’ ಅಂತ ಬರೆದು ತಮ್ಮ ಹೆಸರು ಹಾಕಿದರು.

ಸಂಜೆ ಅಂದಾನೆಪ್ಪನವರನ್ನು ಕರೆಸಿ ಪುಟ ಓದಿ ಹೇಳಿದೆವು. ನನಗೆ ಒಳಗೊಳಗೇ ಅಳುಕು. ಐವತ್ತು ವರ್ಷದ ಹೆಂಡತಿ, ಉಳಿಯುವುದು ದೂರು ಮತ್ತು ಎಚ್ಚರಿಕೆ. ಅವರು ಕಣ್ಣು ಮುಚ್ಚಿ ಕೇಳಿದರು. ‘ನಿಲ್ಲಿಸಲಿಲ್ಲ’ ಎಂಬಲ್ಲಿಗೆ ಬಂದಾಗ ತಲೆ ಅಲ್ಲಾಡಿಸಿದರು. “ಖರೇ ಐತ್ರೀ. ಆಕಿ ಇದ್ದದ್ದ ಹಂಗ. ಎಣ್ಣಿಗಾಯಿಗೆ ಉಪ್ಪು ಹೆಚ್ಚಾತು ಅಂದ್ರೂ ನಿಲ್ಲಸ್ತಿದ್ದಿಲ್ಲ,” ಅಂದರು. ಕಟ್ಟಿ ಮಾಸ್ತರರು ಎದ್ದು ಬಂದು ಅವರ ಕೈ ಹಿಡಿದು ಮೆಟ್ಟಿಲು ಇಳಿಸಿ ಬಂದರು.

ಉಳಿದ ನಾಲ್ಕು ದಿನ ಊರಿನವರು ಆ ಪುಟ ನೋಡಿದ್ದೇ ನೋಡಿದ್ದು. ಪೇಟೆಯಲ್ಲಿ ಎಲ್ಲಿ ನೋಡಿದರೂ ಜನ ಒಬ್ಬರಿಗೊಬ್ಬರು ‘ನಿಂದು ಯಾವ ನಂಬರು?’ ಅಂತ ಕೇಳುತ್ತಿದ್ದರು. ಎಪ್ಪತ್ತು ಕಿಲೊ ಮೂಟೆ ಹೊರುವ ಹಮಾಲರು ಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಎಣಿಸಿ, ಎಲ್ಲಿ ನಿಲ್ಲುತ್ತೇವೆ ಅಂತ ನೋಡಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದರು. ಎಲ್ಲೂ ನಿಲ್ಲದವರೂ ಕೆಲವರಿದ್ದರು, ಅವರ ವರ್ಷದಲ್ಲಿ ಯಾರೂ ಹೋಗಿರಲಿಲ್ಲ. ಅವರಿಗೆ ಪೇಡೆ ಹಂಚಬೇಕು ಅಂತ ರಜಿಯಾ ಚೇಷ್ಟೆ ಮಾಡಿದಳು.

ಮೂವತ್ತೊಂದನೆಯ ದಿನ ಬೆಳಗ್ಗೆ ನಾನು ಕಣ್ಣು ಬಿಡುವ ಮುಂಚೆಯೇ ದ್ರಾಕ್ಷಾಯಣಿ ಬಣಕಾರ ಅಂದೆ. ಬಂತು. ಮೊಬೈಲು ತೆರೆದೆ. ಪುಟ ಇತ್ತು, ನಾಲ್ಕು ವಾಕ್ಯವೂ ಕಪ್ಪಗೆ ಇದ್ದವು. ಇರದೆ ಏನು, ಆಧಾರ ಹುಡುಕಿದವಳು ನಾನು. ಮುಖ ತೊಳೆದು, ತಲೆ ಬಾಚಿ, ಸೀದಾ ಅಂಗಡಿಗೆ ಹೋದೆ. ಅಂದಾನೆಪ್ಪ ಬಾಗಿಲು ಅರ್ಧ ತೆರೆದು ಒಳಗೆ ಸುಮ್ಮನೆ ಕೂತಿದ್ದರು. ಹೊಲಿಗೆ ಮಷೀನಿನ ಮೇಲೆ ಬಟ್ಟೆ ಇರಲಿಲ್ಲ.

“ಕಾಕಾ, ಪುಟಾ ನಿಂತೈತಿ,” ಅಂದೆ. “ಇನ್ನ ಅಂಜಬ್ಯಾಡ್ರಿ.”

“ಹೌದ್ರೀ?” ಅಂದರು. ಮುಖದಲ್ಲಿ ಗೆಲುವಿರಲಿಲ್ಲ.

“ಯಾಕ್ರೀ? ಹೆಸರು ಹೇಳ್ರಿ ನೋಡೂಣು. ಬರ್ತೈತಿ.”

ಅವರು ತಲೆ ತಗ್ಗಿಸಿದರು. “ಅದ ಫಜೀತಿ ಆಗೈತ್ರೀ ಬಾಯಾರ. ಮುಂಜಾನಿಂದ ಕುಂತೀನಿ. ಆಕಿ ಹೆಸರು ನಾ ಒಮ್ಮೆಯೂ ಬಾಯಿ ಬಿಟ್ಟು ಕರದಿಲ್ರೀ. ಮದವಿ ದಿನಾ ಹೆಣ್ಮಕ್ಕಳು ಬಾಗಲಾ ಅಡ್ಡಗಟ್ಟಿ ಹೆಸರು ಹೇಳು ಅಂದ್ರ ನಾಚಿ ಹಿತ್ತಲದಾಗಿಂದ ಓಡಿದ್ದೆ. ಆಮ್ಯಾಲೆ ಮಂದಿ ಹಂಗ ನಾನೂ ಅಕ್ಕೋರ ಅಂದೆ. ಇಲ್ಲಂದ್ರ ಏ, ಇಲ್ಲಿ ನೋಡು ಅಂದೆ. ಐವತ್ತು ವರ್ಷ ಹಂಗ ಹೋತು. ಈಗ ಬಾಯಿ ಬಿಟ್ಟರ ಬರ್ತೈತೋ ಇಲ್ಲೋ, ಬರಲಿಲ್ಲಂದ್ರ ಏನು ಮಾಡ್ಲಿ ಅಂತ ಅಂಜಿಕಿ.”

ನಾನು ಉಳಿಸಿದ ಪುಟ ಒಂದೂ ಬೆಳ್ಳಗಾಗಿಲ್ಲ ಅಂತ ಹೇಳಲು ಹೊರಟವಳು ಸುಮ್ಮನಾದೆ. ಈ ಪುಟ ನಾನು ಉಳಿಸಿದ್ದೂ ಅಲ್ಲ. ಅಳತೆ ಕೊಡಲು ಬಂದವರು ಕೂರುವ ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತೆ. “ಅವಸರಾ ಇಲ್ರೀ ಕಾಕಾ. ಅಂಚೆ ಕಚೇರಿ ತಡಾ ಆದ್ರ ಆಗ್ಲಿ,” ಅಂದೆ.

ಅವರು ಕೊರಳಿನ ಟೇಪು ತೆಗೆದು ಮಷೀನಿನ ಮೇಲಿಟ್ಟರು. ಎದ್ದು, ಅಂಗಡಿಯ ಹಿಂದಿನ ಬಾಗಿಲ ಬಳಿ, ಮನೆಯ ಒಳಗಡೆಗೆ ಮುಖ ಮಾಡಿ ನಿಂತರು. ಎರಡು ಸಲ ಕೆಮ್ಮಿದರು. ಆಮೇಲೆ, ಚಹಾ ಆಯಿತೇನು ಅಂತ ಕೇಳುವ ದನಿಯಲ್ಲಿ, “ದ್ರಾಕ್ಷಾಯಣಿ,” ಅಂದರು.

ಅವರೇ ಬೆಚ್ಚಿಬಿದ್ದರು. ಬಾಗಿಲ ಚೌಕಟ್ಟು ಹಿಡಿದುಕೊಂಡು ಇನ್ನೊಮ್ಮೆ ಕರೆದರು, ಸ್ವಲ್ಪ ಗಟ್ಟಿಯಾಗಿ. ನನ್ನ ಕಡೆ ತಿರುಗಿದಾಗ ಗಲ್ಲದ ಮೇಲೆಲ್ಲ ನೀರು ಇಳಿಯುತ್ತಿತ್ತು. “ಎಷ್ಟು ಚಂದ ಹೆಸರಿತ್ರೀ ಬಾಯಾರ,” ಅಂದರು. “ಆಕಿ ಇದ್ದಾಗ ಒಂದ ದಿನಾನೂ ಕರೀಲಿಲ್ಲಲ್ರೀ ನಾನು.”